ಟೋಲ್ ಗೇಟಿನಲ್ಲಿ ಸಿಕ್ಕಿಕೊಂಡ ಕಂಟ್ರಾಕ್ಟರು

ಬಯಲುಸೀಮೆಯ ಒಂದು ರಸ್ತೆ ಕಚೇರಿಯಲ್ಲಿ ಹಾಲಮ್ಮ ಅಂತ ಒಬ್ಬ ಗುಮಾಸ್ತೆ ಇದ್ದಳು. ಟೋಲ್ ಗೇಟಿನ ಯಂತ್ರ ನಡೆಸುವ ಕಂಟ್ರಾಕ್ಟರು ರುದ್ರೇಶಪ್ಪನಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತಿತ್ತು. ಅದಕ್ಕೆ ಮೊದಲು 'ಯಂತ್ರ ಸರಿಯಾಗಿದೆ' ಎಂದು ಹಾಲಮ್ಮ ಬರೆಯಬೇಕು. ಯಂತ್ರವೋ, ದುಡ್ಡು ಕೀಳುತ್ತಿತ್ತು, ಗೇಟು ಎತ್ತುತ್ತಿರಲಿಲ್ಲ. ಹಿಂದಿನ ವಾರ ಅಲ್ಲಿ ಆಂಬುಲೆನ್ಸೇ ನಿಂತುಬಿಟ್ಟಿತ್ತು. ಒಳಗಿದ್ದ ಹೆಂಗಸಿಗೆ ಅಲ್ಲೇ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ.

"ಇವತ್ತೇ ಬರಿ, ಇಲ್ದಿದ್ರೆ ವರ್ಗ ಮಾಡಿಸ್ತೀನಿ," ಎಂದು ರುದ್ರೇಶಪ್ಪ ಎಂಜಿನಿಯರ್ ಸಾಹೇಬರ ಎದುರೇ ಗದರಿದ. ಸಾಹೇಬರು ಫ್ಯಾನು ನೋಡುತ್ತ ಕೂತರು.

"ಬರೀತೀನಿ ಸಾರ್. ಒಂದ್ಸಲ ನಿಮ್ಮ ಕಾರಲ್ಲೇ ಹೋಗಿ ನೋಡಿ ಬರೋಣ," ಎಂದಳು ಹಾಲಮ್ಮ.

ಮೂವರೂ ಹೋದರು. ದುಡ್ಡು ಹೋಯಿತು. ಗೇಟು ಏಳಲಿಲ್ಲ. ಹಿಂದೆ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆದವು. ಬಿಸಿಲಲ್ಲಿ ಬೆಂದ ರುದ್ರೇಶಪ್ಪ ಇಳಿದು ಗೇಟಿಗೆ ಒದ್ದು, "ಈ ದರಿದ್ರ ಯಂತ್ರ ಯಾವತ್ತು ನೆಟ್ಟಗೆ ಕೆಲಸ ಮಾಡಿದೆ!" ಎಂದು ಕೂಗಿದ.

"ಹಾಗೇ ಬರೀಲಾ ಸಾರ್?" ಎಂದಳು ಹಾಲಮ್ಮ. ಲಾರಿಯವರು ಗೊಳ್ಳೆಂದರು. ಸಾಹೇಬರು ವಿಧಿಯಿಲ್ಲದೆ ಬಿಲ್ಲು ತಡೆದರು. ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು.

ವಾರದೊಳಗೆ ರುದ್ರೇಶಪ್ಪ ನಗುತ್ತ ಬಂದ. ಕೈಯಲ್ಲಿ ಬೇರೆ ಬಿಲ್ಲು. "ಯಂತ್ರ ಕೆಟ್ಟಿದೆ ಅಂತ ನೀನೇ ಬರೆದಿದ್ದೀಯಲ್ಲ ತಾಯಿ. ಕರಾರಿನ ಪ್ರಕಾರ ರಿಪೇರಿ ಖರ್ಚು ಸರ್ಕಾರದ್ದು."

ಮೊತ್ತ ಹಳೆಯದರ ಎರಡರಷ್ಟಿತ್ತು. ಸಾಹೇಬರು ಸಹಿ ಹಾಕಿ, "ಈಗೇನಂತೀಯಮ್ಮ?" ಎಂದರು.

"ಏನನ್ನಲಿ ಸಾರ್?" ಹಾಲಮ್ಮ ಬಿಲ್ಲನ್ನು ಕಡತಕ್ಕೆ ಸೇರಿಸಿದಳು. "ಸುಳ್ಳು ಬರೆದ್ರೆ ಒಂದರಷ್ಟು, ನಿಜ ಬರೆದ್ರೆ ಎರಡರಷ್ಟು. ಇನ್ಮೇಲೆ ಸುಳ್ಳೇ ಬರೀತೀನಿ. ಸರ್ಕಾರಕ್ಕೆ ಅಷ್ಟಾದರೂ ಉಳೀಲಿ."