ಮಂಕಾದ ಕೊಳವೆ

"ಗುರುಗಳೇ, ಅಡುಗೆಯ ಸಿದ್ಧಲಿಂಗಪ್ಪ ಉಗ್ರಾಣದ ತುಪ್ಪ ಕದ್ದನೆಂದು ಎಲ್ಲರೆದುರು ಅಂದುಬಿಟ್ಟೆ. ಕದ್ದವನು ಬೇರೆ ಯಾರೋ ಎಂದು ಆಮೇಲೆ ತಿಳಿಯಿತು. ಅವನ ಕಾಲು ಮುಟ್ಟಿ ಕ್ಷಮೆ ಕೇಳಿದೆ. 'ಇರಲಿ ಬಿಡಿ' ಎಂದ. ಆದರೂ ಅವನು ಮೊದಲಿನಂತಿಲ್ಲ. ಏನು ಬೇಕಾದರೂ ಉಗ್ರಾಣಕ್ಕೆ ನನ್ನನ್ನೇ ಓಡಿಸುತ್ತಾನೆ, ತಾನು ಅಲ್ಲಿ ಕಾಲಿಡುವುದಿಲ್ಲ. ಇನ್ನು ಹಟ ಅವನದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುವವನೊಬ್ಬನಿದ್ದ. ಅವನ ಕಂಪ್ಯೂಟರ್ ಬಹಳ ಬಿಸಿಯಾಗುತ್ತಿತ್ತು. ಅದನ್ನು ತಣ್ಣಗಿಡಲು ಒಳಗೆ ನೀರು ಸುತ್ತುವ ಕೊಳವೆ ಹಾಕಿಸಿದ. ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ಕೊಳವೆ. ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವನಿಗೊಂದು ಕೆಲಸವಾಯಿತು.

ಗಂಡ ತೀರಿಕೊಂಡ ಅಕ್ಕ ಅವನ ಮನೆಯಲ್ಲೇ ಇದ್ದಳು. ಶುಭಕಾರ್ಯಗಳಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ತಮ್ಮನಿಗೆ ಇದು ಸಹಿಸಲಾಗಲಿಲ್ಲ. ಆಯುಧಪೂಜೆಯ ದಿನ, "ಜನ ಏನಾದ್ರೂ ಅನ್ಲಿ, ಈ ಸಲ ನೀನೇ ಪೂಜೆ ಮಾಡಕ್ಕ" ಎಂದ. ಅವಳು ಅಂಜುತ್ತಲೇ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಹೂವಿಟ್ಟಳು. ಅಂದು ಅವಳು ಹೊಟ್ಟೆತುಂಬ ಉಂಡಳು.

ಕೆಲವು ತಿಂಗಳಲ್ಲಿ ಕೊಳವೆ ಮಂಕಾಯಿತು. ನೀರು ಬದಲಿಸಿದ, ಮಂಕು ಹೋಗಲಿಲ್ಲ. ತೊಳೆದರೂ ಹೋಗಲಿಲ್ಲ. ಅದೇ ಹೊತ್ತಿಗೆ ಬರಬೇಕಾದ ಮದುವೆಯ ಕೆಲಸವೂ ಕೈತಪ್ಪಿತು. ಕಾರಣ ತಿಳಿಯದವನಿಗೆ ಸಿಟ್ಟು ಬಂದರೆ ಅದು ಹತ್ತಿರ ಇದ್ದವರ ಮೇಲೆ ತಾನೇ ಬೀಳುವುದು? ಕಾಫಿ ತಂದ ಅಕ್ಕನಿಗೆ, "ಊರವರು ಹೇಳಿದ್ದೇ ಸರಿ, ನಿನ್ನ ಕೈಗುಣವೇ ಸರಿಯಿಲ್ಲ" ಎಂದುಬಿಟ್ಟ.

ಅವಳು ಲೋಟ ಕೆಳಗಿಟ್ಟು ಹೊರಗೆ ಹೋದಳು. ಅಂದಿನಿಂದ ತಮ್ಮನ ಹಸುಗೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು.

ಮುಂದೆ ಕೊಳವೆ ಮಾರಿದವನೇ ಬಂದು ನೋಡಿ ನಕ್ಕ. ಕೊಳವೆ ಮೆತ್ತಗಿರಲೆಂದು ಅದರಲ್ಲಿ ಬೆರೆಸಿದ ವಸ್ತು ಬಿಸಿಗೆ ಮೆಲ್ಲಗೆ ಹೊರಬರುತ್ತದೆ, ಯಾರ ಮನೆಯಲ್ಲಿದ್ದರೂ ಅದು ಹೀಗೇ ಮಂಕಾಗುತ್ತದೆ ಎಂದ. ಹೊಸ ಕೊಳವೆ ಹಾಕಿಕೊಟ್ಟ.

ತಮ್ಮ ಓಡಿಹೋಗಿ ಅಕ್ಕನ ಕಾಲು ಹಿಡಿದು ಅತ್ತ. ಅವಳಿಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಅವಳೂ ಅತ್ತಳು.

ಮತ್ತೆ ಆಯುಧಪೂಜೆ ಬಂತು. ಅವಳು ಕುಂಕುಮದ ತಟ್ಟೆಯನ್ನು ಕಂಪ್ಯೂಟರಿದ್ದ ಕೋಣೆಯ ಹೊಸಿಲಿನ ಹೊರಗೇ ಇಟ್ಟು ನಿಂತಳು.

"ಒಳಗೆ ಬಾರಕ್ಕ. ತಪ್ಪು ಕೊಳವೇದು ಅಂತ ಗೊತ್ತಾಯ್ತಲ್ಲ."

"ನನಗೆ ಗೊತ್ತಾಯ್ತು ಕಣಪ್ಪ. ಈ ಕೈಗೆ ಗೊತ್ತಾಗ್ತಿಲ್ಲ" ಎಂದಳು.

ಆ ವರ್ಷ ಪೂಜೆಯನ್ನು ತಮ್ಮನೇ ಮಾಡಿದ. ಆಮೇಲಿನ ವರ್ಷಗಳಲ್ಲೂ ಅವನೇ ಮಾಡಿದ.

ಕತೆ ಅಷ್ಟಕ್ಕೇ ನಿಂತಿತು. "ಪಾಪ, ಆಕೆ" ಎಂದು ಶಿಷ್ಯ ಮರುಗಿದ.

ಗುರುಗಳು ಅವನನ್ನು ನೋಡಿ ಕೇಳಿದರು: "ಸಿದ್ಧಲಿಂಗಪ್ಪ ನಿನ್ನನ್ನು ಉಗ್ರಾಣಕ್ಕೆ ಓಡಿಸುವುದು ಹಟದಿಂದ ಎಂದುಕೊಂಡೆಯಾ?"