ಮರುಳಸಿದ್ಧ ಆರಿಸಿದ ಆ್ಯಪ್

ಇದು ಬಹಳ ಹಿಂದಿನ ಮಾತಲ್ಲ. ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿನ ಹಿರಿಯ ಗುರುಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಅವರ ಶಿಷ್ಯ ಮರುಳಸಿದ್ಧ ಆಶ್ರಮದ ಶಿಶುವಿಹಾರ ನೋಡಿಕೊಳ್ಳುತ್ತಿದ್ದ.

ಶಿಶುವಿಹಾರದಲ್ಲಿ ಹದಿನಾಲ್ಕು ಮಕ್ಕಳಿದ್ದರು. ಮೂರರಿಂದ ಐದು ವರ್ಷದವರು. ಅವರ ಅಪ್ಪ ಅಮ್ಮಂದಿರು ಹೊಳೆಯಾಚೆಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ದಿನ ಭಕ್ತರೊಬ್ಬರು ಮಕ್ಕಳಿಗೆಂದು ಆರು ಟ್ಯಾಬ್ ಕೊಟ್ಟು ಹೋದರು. ಮರುಳಸಿದ್ಧ ಅವನ್ನು ಗುರುಗಳ ಮುಂದೆ ತಂದಿಟ್ಟ.

"ಬುದ್ಧಿ, ಇದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಆ್ಯಪ್‌ಗಳು ಸಿಗುತ್ತವೆ. ಹಾಕಿಕೊಡಲೇ?"

"ಯಾವುದು ಒಳ್ಳೆಯದು ಅಂತ ನಿನಗೆ ಗೊತ್ತೇ?"

"ಗೊತ್ತಿಲ್ಲ. ನೋಡಿ ಆರಿಸುತ್ತೇನೆ."

"ಆರಿಸು. ಆದರೆ ಅದರ ಸದ್ದು ಧ್ಯಾನದ ಕೋಣೆಗೆ ಬರಬಾರದು."

ಮರುಳಸಿದ್ಧ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಒಂದು ತಿಂಗಳು ಕೂತು ಮೂವತ್ತಕ್ಕೂ ಹೆಚ್ಚು ಆ್ಯಪ್ ನೋಡಿದ. ತಾನೇ ಮಗುವಿನಂತೆ ಪ್ರತಿಯೊಂದನ್ನೂ ಆಡಿದ.

ಒಂದರಲ್ಲಿ ಅಆಇಈ ಮುಗಿಯುವ ಮೊದಲೇ ಚಿನ್ನದಂಗಡಿಯ ಜಾಹೀರಾತು ಬಂತು. ಇನ್ನೊಂದು ಮೊದಲ ಪಾಠಕ್ಕೂ ಮುಂಚೆ ತಾಯಿಯ ಫೋನ್ ನಂಬರ್ ಕೇಳಿತು. ಒಂದರ ದನಿ ಹಳ್ಳಿಯನ್ನು ಹಲ್ಲಿ ಎಂದಿತು. ಮತ್ತೊಂದರಲ್ಲಿ ಉತ್ತರ ತಪ್ಪಾದರೆ ಕರಡಿ ಮರಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅವನು ಎಲ್ಲವನ್ನೂ ತೆಗೆದು ಹಾಕಿದ.

ಕೊನೆಗೆ ಒಂದು ಸಿಕ್ಕಿತು. ಓಡಿಬಂದು ಗುರುಗಳಿಗೆ ಹೇಳಿದ.

"ಜಾಹೀರಾತಿಲ್ಲ ಬುದ್ಧಿ. ಇಂಟರ್ನೆಟ್ ಬೇಡ. ಚಿತ್ರ ನೋಡಿ ಅಕ್ಷರ ಮುಟ್ಟಬೇಕು, ಎಣಿಸಬೇಕು, ಹೊಂದಿಸಬೇಕು. ಸರಿಯಾದರೆ ನಕ್ಷತ್ರ ಬೀಳುತ್ತದೆ. ಯಾವ ಮಗು ಎಷ್ಟು ಕಲಿತಿದೆ ಅಂತ ಅದೇ ಬರೆದಿಡುತ್ತದೆ. ಮುಖ್ಯವಾಗಿ, ಸದ್ದು ಪೂರ್ತಿ ನಿಲ್ಲಿಸಿದರೂ ಪಾಠ ನಡೆಯುತ್ತದೆ."

"ಯಾವ ಮಗುವಿಗೆ ಅಂತ ಆರಿಸಿದೆ?"

"ಎಲ್ಲ ಮಕ್ಕಳಿಗೂ."

ಗುರುಗಳು ಏನೋ ಹೇಳಲು ಹೊರಟವರು ಸುಮ್ಮನಾದರು. ಧ್ಯಾನದ ಹೊತ್ತಾಗಿತ್ತು.

ಮಕ್ಕಳಲ್ಲಿ ಸಿಂಚನ ಎಂಬವಳಿದ್ದಳು. ಇಟ್ಟಿಗೆ ಹೊರುವ ಹನುಮಕ್ಕನ ಮಗಳು. ನಾಲ್ಕು ವರ್ಷ. ಬಾಯಿ ತೆರೆದರೆ ಪ್ರಶ್ನೆ.

"ಮೇಷ್ಟ್ರೇ, ಇರುವೆಗೆ ಮೂಗು ಐತಾ?"

"ಇರಬೇಕು."

"ಮೇಷ್ಟ್ರೇ, ಹೊಳೆ ಯಾವಾಗ ಮಲಗುತ್ತೆ?"

"ಹೊಳೆ ಮಲಗಲ್ಲ."

"ಅದಕ್ಕೆ ಅವರಮ್ಮ ಬೈಯಲ್ವಾ?"

ಹದಿನಾಲ್ಕು ಮಕ್ಕಳ ಮೂಗು ಒರೆಸಿ, ಅನ್ನ ಕಲಸಿ, ಜಗಳ ಬಿಡಿಸಿ ಮರುಳಸಿದ್ಧ ದಣಿದಿರುತ್ತಿದ್ದ. ಅವನು ಅವಳ ಕೈಗೆ ಟ್ಯಾಬ್ ಕೊಟ್ಟ.

"ಇನ್ನು ಮೇಲೆ ಇದನ್ನು ಕೇಳು."

ಸಿಂಚನ ಅದಕ್ಕೆ ಕಿವಿಗೊಟ್ಟಳು. "ಇದು ಮಾತೇ ಆಡಲ್ಲ ಮೇಷ್ಟ್ರೇ."

"ಮಾತು ಬೇಡ. ಮುಟ್ಟು. ನಕ್ಷತ್ರ ಬರುತ್ತೆ."

ಮುಟ್ಟಿದಳು. ನಕ್ಷತ್ರ ಬಂತು. ಅಲ್ಲೇ ಕೂತಳು.

ಅಂದಿನಿಂದ ಅವಳು ಪ್ರಶ್ನೆ ತಂದಾಗಲೆಲ್ಲ ಅವನು ಟ್ಯಾಬ್ ಕೊಡುತ್ತಿದ್ದ. ಸ್ವಲ್ಪ ದಿನಕ್ಕೆ ಪ್ರಶ್ನೆ ತರುವುದನ್ನು ಬಿಟ್ಟು ಟ್ಯಾಬಿಗೇ ಕೈ ಚಾಚತೊಡಗಿದಳು.

ದೀಪಾವಳಿ ಮುಗಿದ ಮರುವಾರ ಅವಳಿಗೆ ಜ್ವರ ಬಂತು. ಮಿದುಳು ಜ್ವರ ಎಂದರು. ಪಟ್ಟಣದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ್ದಳು. ಬದುಕಿದ್ದೇ ಹೆಚ್ಚು ಎಂದುಕೊಂಡು ಹನುಮಕ್ಕ ಮಗಳನ್ನು ಹೊತ್ತುಕೊಂಡು ಬಂದಳು.

ಮತ್ತೆ ಶಿಶುವಿಹಾರಕ್ಕೆ ಬಂದಾಗ ಮಗು ಕಡ್ಡಿಯಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ತೂರಾಡುತ್ತಿತ್ತು. ನಿಶ್ಶಕ್ತಿ ಎಂದು ಎಲ್ಲರೂ ಅಂದುಕೊಂಡರು.

ಮೊದಲ ದಿನವೇ ಅವಳು ಮರುಳಸಿದ್ಧನ ಪಂಚೆ ಹಿಡಿದೆಳೆದು ಗಟ್ಟಿಯಾಗಿ ಕೇಳಿದಳು.

"ಮೇಷ್ಟ್ರೇ, ಎಲ್ಲರೂ ಯಾಕೆ ಸುಮ್ಮನೆ ಇದಾರೆ?"

ಪಕ್ಕದಲ್ಲೇ ಧ್ಯಾನದ ಕೋಣೆ. ಮರುಳಸಿದ್ಧ ತುಟಿಯ ಮೇಲೆ ಬೆರಳಿಟ್ಟು ಆ ಕಡೆ ತೋರಿಸಿದ. ಅವಳಿಗೆ ಟ್ಯಾಬ್ ಕೊಟ್ಟ.

ಅವಳು ಅದನ್ನು ಎದೆಗೆ ಅವುಚಿಕೊಂಡಳು.

ಅಲ್ಲಿಂದ ಸಿಂಚನಳಷ್ಟು ನಕ್ಷತ್ರ ಯಾವ ಮಗುವಿಗೂ ಬೀಳಲಿಲ್ಲ. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ, ಹೋಗಿ ಭುಜ ಮುಟ್ಟಬೇಕಿತ್ತು. ಟ್ಯಾಬ್ ಹಿಡಿದ ಬೇರೆ ಮಕ್ಕಳೂ ಕರೆದರೆ ಏಳುತ್ತಿರಲಿಲ್ಲ. ಹಾಗಾಗಿ ಅದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

"ಅದೊಂದಿದ್ದರೆ ಇವಕ್ಕೆ ಲೋಕವೇ ಬೇಡ," ಎಂದು ಅಡುಗೆಯಾಕೆ ನಗುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಹನುಮಕ್ಕ ಬಂದಳು. ಕೆಲಸದಿಂದ ನೇರ ಬಂದಿದ್ದಳು. ಮೈಯೆಲ್ಲ ಕೆಂಪು ಧೂಳು.

"ಮೇಷ್ಟ್ರೇ, ಮಗಳು ಮಾತು ತೊದಲ್ತಾಳೆ. ಮೊದಲೆಲ್ಲ ಪಟಪಟ ಅಂತಿದ್ಲು. ಈಗ ಕೂಗಿದ್ರೂ ತಿರುಗಲ್ಲ."

"ಜ್ವರದಿಂದ ಎದ್ದ ಮಗು ಅಲ್ವಾ ಹನುಮಕ್ಕ. ಇಲ್ಲಿ ನೋಡು."

ಅವನು ಟ್ಯಾಬ್ ತೆಗೆದು ಸಿಂಚನಳ ಹೆಸರಿನ ಪುಟ ತೋರಿಸಿದ. ಹನುಮಕ್ಕನಿಗೆ ಓದು ಬಾರದು. ಸಾಲು ಸಾಲು ನಕ್ಷತ್ರ ಕಂಡವು.

"ಇಷ್ಟೂ ನನ್ನ ಮಗಳದ್ದಾ?"

"ಇಡೀ ಶಿಶುವಿಹಾರಕ್ಕೆ ಅವಳೇ ಮುಂದೆ. ತುಂಬ ಚೆನ್ನಾಗಿ ಕಲೀತಿದಾಳೆ."

"ಆಸ್ಪತ್ರೇಲಿ ತಿಂಗಳು ಬಿಟ್ಟು ಒಂದ್ಸಲ ತೋರ್ಸಿ ಅಂದಿದ್ರು. ಒಂದಿನದ ಕೂಲಿ ಹೋಗುತ್ತೆ ಅಂತ ಸುಮ್ನಾದೆ. ತೋರಿಸ್ಬೇಕಾ?"

"ಇಷ್ಟು ಚೆನ್ನಾಗಿರುವ ಮಗುವಿಗೆ ಇನ್ನೇನು ತೋರಿಸ್ತೀಯ?"

"ನೀವು ಅಂದ್ಮೇಲೆ ಸರಿ," ಎಂದು ಹನುಮಕ್ಕ ಸಮಾಧಾನದಿಂದ ಹೋದಳು.

ಸಂಜೆ ಮರುಳಸಿದ್ಧ ಗುರುಗಳ ಕಾಲ ಬಳಿ ಕೂತು ಹೇಳಿದ.

"ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದ ಮಗು ಬುದ್ಧಿ. ಈಗ ಎಷ್ಟು ಶಾಂತವಾಗಿದೆ."

"ಶಾಂತವಾಗಿದೆಯೋ, ಸುಮ್ಮನಿದೆಯೋ?"

"ಎರಡಕ್ಕೂ ಏನು ವ್ಯತ್ಯಾಸ ಬುದ್ಧಿ?"

"ಇಷ್ಟು ದೂರದಿಂದ ಹೇಳಲಾಗದು. ಹತ್ತಿರ ಹೋಗಿ ನೋಡು."

ನಾಳೆ ನೋಡೋಣ ಎಂದುಕೊಂಡ. ಮರುದಿನ ಬೇರೆ ಕೆಲಸ ಬಂತು. ಗುರುಗಳೂ ಮತ್ತೆ ಕೇಳಲಿಲ್ಲ.

ಶಿವರಾತ್ರಿಗೆ ಎರಡು ದಿನವಿರುವಾಗ ಎಲ್ಲೋ ಕಂಬ ಮುರಿದು ಕರೆಂಟು ಹೋಯಿತು. ಬೆಳಗಾಗುವಷ್ಟರಲ್ಲಿ ಆರೂ ಟ್ಯಾಬ್ ಆರಿ ಹೋಗಿದ್ದವು. ಮಕ್ಕಳು ಸ್ವಲ್ಪ ಹೊತ್ತು ರಂಪ ಮಾಡಿ ಆಮೇಲೆ ಅಂಗಳಕ್ಕಿಳಿದರು. ಬಹಳ ದಿನಗಳ ಮೇಲೆ ಅಲ್ಲಿ ಗದ್ದಲವೆದ್ದಿತು.

ಗದ್ದಲ ಕೇಳಿ ಗುರುಗಳು ಹೊರಗೆ ಬಂದರು. ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. ಸಿಂಚನ ಒಬ್ಬಳೇ ಜಗುಲಿಯ ಮೇಲೆ ಕೂತು, ಆರಿದ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಉಜ್ಜುತ್ತಿದ್ದಳು. ಮೂರು ಮಕ್ಕಳು ಅವಳ ಬೆನ್ನ ಹಿಂದೆಯೇ ಕಿರುಚುತ್ತ ಓಡಿದರು. ಅವಳು ತಿರುಗಲಿಲ್ಲ.

ಗುರುಗಳು ಒಳಗೆ ಹೋಗಿ ಪೂಜೆಯ ಜಾಗಟೆ ತಂದರು. ಅವಳ ಹಿಂದೆ ನಿಂತು ಬಾರಿಸಿದರು.

ಅಂಗಳದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು. ಮರದ ಮೇಲಿನ ಕಾಗೆಗಳು ಹಾರಿದವು. ಸಿಂಚನ ಟ್ಯಾಬ್ ಉಜ್ಜುತ್ತಲೇ ಇದ್ದಳು.

ಇನ್ನೊಮ್ಮೆ ಬಾರಿಸಿದರು.

ಮರುಳಸಿದ್ಧ ಅಡುಗೆಮನೆಯಿಂದ ಓಡಿಬಂದ. ನೋಡಿದ. ಅವಳ ಹಿಂದೆ ನಿಂತು ಕರೆದ.

"ಸಿಂಚನಾ."

ಸ್ವಲ್ಪ ಗಟ್ಟಿಯಾಗಿ ಕರೆದ. ಆಮೇಲೆ ಕೂಗಿದ.

"ಸಾಕು ಬಿಡು," ಎಂದರು ಗುರುಗಳು. "ಅವಳಿಗೆ ನಿನ್ನ ದನಿ ಕೇಳಿ ಎಷ್ಟು ದಿನವಾಯಿತೋ."

ಅಂದೇ ಅವನು ಹನುಮಕ್ಕನನ್ನೂ ಮಗುವನ್ನೂ ಪಟ್ಟಣಕ್ಕೆ ಕರೆದುಕೊಂಡು ಹೋದ. ಕಿವಿಯ ಡಾಕ್ಟರು ಹೆಂಗಸು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮೂವರನ್ನೂ ಒಳಗೆ ಕೂರಿಸಿಕೊಂಡರು.

"ಜ್ವರ ಯಾವಾಗ ಬಂದಿತ್ತು?"

"ದೀಪಾವಳಿ ಮುಗಿದ ಮರುವಾರ," ಎಂದ ಮರುಳಸಿದ್ಧ.

"ಈ ಜ್ವರದಲ್ಲಿ ಹೀಗಾಗುವುದುಂಟು. ಎರಡೂ ಕಿವಿ ಹೋಗಿವೆ. ಮೊದಲ ಕೆಲವು ವಾರಗಳಲ್ಲಿ ಬಂದಿದ್ದರೆ ಒಳಗೊಂದು ಯಂತ್ರ ಕೂರಿಸಬಹುದಿತ್ತು. ಈಗ ಕಿವಿಯ ಒಳಭಾಗ ಗಟ್ಟಿಯಾಗಿ ಮೂಳೆಯಾಗಿಬಿಟ್ಟಿದೆ. ಕೂರಿಸಲು ಜಾಗವೇ ಇಲ್ಲ."

ಡಾಕ್ಟರು ಮೆಲ್ಲಗೆ ಕೇಳಿದರು.

"ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವೇ?"

"ಚೆನ್ನಾಗಿ ಕಲೀತಿದಾಳೆ ಅಂತ ಮೇಷ್ಟ್ರು ಹೇಳಿದ್ರು," ಎಂದಳು ಹನುಮಕ್ಕ.

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಮಗಳ ಪರವಾಗಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

ಆಶ್ರಮಕ್ಕೆ ಮರಳಿದವನೇ ಮರುಳಸಿದ್ಧ ಆರೂ ಟ್ಯಾಬ್ ಒಂದು ಚೀಲಕ್ಕೆ ತುಂಬಿಕೊಂಡು ಹೊಳೆಗಿಳಿದ. ಮೆಟ್ಟಿಲ ಮೇಲೆ ಗುರುಗಳು ಕೂತಿದ್ದರು.

"ಏನದು?"

"ಹೊಳೆಗೆ ಹಾಕುತ್ತೇನೆ ಬುದ್ಧಿ."

"ಹೊಳೆ ಏನು ತಪ್ಪು ಮಾಡಿತು?"

"ತಪ್ಪು ಇವುಗಳದ್ದು."

"ಹೌದೇ? ಮಗಳು ಚೆನ್ನಾಗಿದ್ದಾಳೆ ಅಂತ ಹನುಮಕ್ಕನಿಗೆ ಹೇಳಿದ್ದು ಇವುಗಳಲ್ಲಿ ಯಾವುದು?"

ಮರುಳಸಿದ್ಧ ಚೀಲ ಕೆಳಗಿಟ್ಟ. ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಅವಳು ನನ್ನನ್ನು ಕೇಳಿದ್ದಳು ಬುದ್ಧಿ. ಎಲ್ಲರೂ ಯಾಕೆ ಸುಮ್ಮನಿದ್ದಾರೆ ಅಂತ, ನನ್ನ ಪಂಚೆ ಹಿಡಿದು ಕೇಳಿದ್ದಳು. ನಾನು ಬಾಯಿ ಮುಚ್ಚು ಅಂದೆ."

"ನಾನು ಒಳಗಿದ್ದೆ," ಎಂದರು ಗುರುಗಳು. "ಅವಳು ಕೇಳಿದ್ದು ನನ್ನ ಕಿವಿಗೂ ಬಿತ್ತು. ಮಗು ಎಷ್ಟು ಒಳ್ಳೆಯ ಪ್ರಶ್ನೆ ಕೇಳಿತು ಅಂದುಕೊಂಡು ಕಣ್ಣು ಮುಚ್ಚಿದೆ."

ಶಿಷ್ಯ ಅವರ ಮುಖ ನೋಡಿದ. ಅವರು ಅವನತ್ತ ನೋಡಲಿಲ್ಲ.

"ಇದಕ್ಕೆ ಪ್ರಾಯಶ್ಚಿತ್ತ ಏನು ಬುದ್ಧಿ?"

"ಗೊತ್ತಿಲ್ಲ."

"ಏನಾದರೂ ಇರಬೇಕಲ್ಲ."

"ಇರಬೇಕು ಅಂತ ನಿಯಮವಿಲ್ಲ."

ಶಿಷ್ಯನಾಗಿ ಕಳೆದ ಹನ್ನೆರಡು ವರ್ಷದಲ್ಲಿ ಗುರುಗಳ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅವನು ಕೇಳಿರಲಿಲ್ಲ. ಅವನಿಗೆ ಭಯವಾಯಿತು.

ಟ್ಯಾಬುಗಳು ಹೊಳೆಗೂ ಹೋಗಲಿಲ್ಲ, ಶಿಶುವಿಹಾರಕ್ಕೂ ಹೋಗಲಿಲ್ಲ. ಮೂಲೆಯೊಂದರಲ್ಲಿ ಚೀಲದಲ್ಲೇ ಉಳಿದವು.

ನಾಲ್ಕನೆಯ ದಿನ ಹನುಮಕ್ಕ ಬಂದಳು. ಸೆರಗಿನ ಹಿಂದೆ ಸಿಂಚನ ನಿಂತಿದ್ದಳು.

"ಮೇಷ್ಟ್ರೇ, ಮನೇಲಿ ಒಂದೇ ಸಮ ಅಳ್ತಾಳೆ. ಬೆರಳಾಡಿಸಿ ಅದೇ ಬೇಕು ಅಂತ ತೋರಿಸ್ತಾಳೆ."

ಮರುಳಸಿದ್ಧ ನೆಲ ನೋಡುತ್ತ ನಿಂತ.

"ಕಿವಿ ಕೇಳ್ದೇ ಇರೋ ಮಕ್ಕಳಿಗೂ ಅದ್ರಲ್ಲಿ ಪಾಠ ಇರುತ್ತಂತೆ, ಗೂಡಿನ ಹತ್ರ ಯಾರೋ ಅಂದ್ರು. ನೀವೇ ಒಂದು ಒಳ್ಳೇದು ನೋಡಿ ಹಾಕ್ಕೊಡಿ. ನಮಗೇನು ಗೊತ್ತಾಗುತ್ತೆ, ನಿಮಗಾದ್ರೆ ಆರಿಸೋಕೆ ಬರುತ್ತೆ."

ಅವನು ಮೂಲೆಯಲ್ಲಿದ್ದ ಚೀಲದ ಕಡೆ ನೋಡಿದ. ಅವನು ಯೋಚಿಸುತ್ತಿದ್ದಾನೆ ಎಂದುಕೊಂಡು ಹನುಮಕ್ಕ ಮಗುವನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು.

ಮರುಳಸಿದ್ಧ ಸಿಂಚನಳ ಎದುರು ಮಂಡಿಯೂರಿ ಕೂತ.

"ತಪ್ಪಾಯಿತು ಮಗಳೇ."

ಅವಳು ಅವನ ಬಾಯಿ ನೋಡಲಿಲ್ಲ, ಕೈ ನೋಡಿದಳು. ಅವನ ಬಲಗೈ ಹಿಡಿದು ತಿರುಗಿಸಿದಳು. ಎಡಗೈ ತಿರುಗಿಸಿದಳು. ಎರಡರಲ್ಲೂ ಏನೂ ಇರಲಿಲ್ಲ. ಅವನ್ನು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಳು.

ಅವನು ಎದ್ದು ಅವಳ ಮುಂದೆ ಬಂದ. ಅವಳು ಇನ್ನೊಂದು ಕಡೆ ತಿರುಗಿದಳು. ಮಧ್ಯಾಹ್ನದವರೆಗೆ ಹೀಗೇ ನಡೆಯಿತು.

ಅವನು ಹೊಳೆಯ ಮೆಟ್ಟಿಲ ಮೇಲಿದ್ದ ಗುರುಗಳ ಬಳಿ ಹೋದ. ಕಣ್ಣು ಕೆಂಪಾಗಿದ್ದವು.

"ಬುದ್ಧಿ, ಅವಳನ್ನು ಹೇಗೆ ತಲುಪಲಿ? ಮಾತು ಕೇಳಿಸದು. ಅಕ್ಷರ ಗುರುತಿಸುತ್ತಾಳೆ, ಓದಲು ಬಾರದು. ಸನ್ನೆ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಮುಖವನ್ನಂತೂ ನೋಡುವುದೇ ಇಲ್ಲ."

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಮಾತು ಆಡಬೇಕಿತ್ತು ಅವಳ ಜೊತೆ. ಒಂದೇ ಒಂದು. ಯಾವ ಭಾಷೆಯಲ್ಲಿ ಆಡಲಿ, ಹೇಳಿ."

ಗುರುಗಳು ನೀರಿನಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಆಮೇಲೆ ಕೇಳಿದರು.

"ಅವಳಿಗೆ ಕಿವಿ ಕೇಳುತ್ತಿದ್ದಾಗ ಯಾವ ಭಾಷೆಯಲ್ಲಿ ಆಡುತ್ತಿದ್ದೆ?"