ಗಿಳಿಯ ಕಿವಿ, ಕುರಿಯ ಮೂಗು

ಇದು ನಾನೇ ಕಣ್ಣಾರೆ ಕಂಡದ್ದು, ನಂಬದವರು ಎದ್ದುಹೋಗಬಹುದು. ಮೂರು ಸಾವಿರ ಮರಿಗಳಿದ್ದ ಕುರಿರೊಪ್ಪದ ಬೇಲಿಯ ಮೇಲೆ, ಇಂಗ್ಲಿಷ್ ಮೇಷ್ಟರ ಮನೆಯಿಂದ ಹಾರಿಬಂದ ಗಿಳಿಯೊಂದು ಕೂತಿತ್ತು. ಹೊತ್ತು ಮುಳುಗುವಾಗ, ಮೇಯಲು ಹೋದ ತಾಯಿಕುರಿಗಳು ಮಂಜಿನೊಳಗಿಂದ ತೇಲಿಬಂದವು. ಮರಿಗಳೆಲ್ಲ ಒಂದೇ ದನಿಯಲ್ಲಿ ಅರಚಿದವು.

ಮೊದಲ ಸಲ ಮರಿ ಹಾಕಿದ್ದ ಕುರಿಯೊಂದು ಕಂಗಾಲಾಯಿತು. "ಬೆಳಗಿನಿಂದ ನನ್ನ ಮರಿ ಹಾಲು ಕುಡಿದಿಲ್ಲ. ಇದರಲ್ಲಿ ನಂದು ಯಾವುದಪ್ಪಾ?"

"ನನ್ನ ಕೇಳು," ಅಂದಿತು ಗಿಳಿ. "ಇಂಗ್ಲಿಷಿನಲ್ಲಿ ಸೂರ್ಯನೂ ಸನ್, ಮಗನೂ ಸನ್. ಅದನ್ನೇ ಕೇಳಿದ ಕೂಡಲೇ ಯಾವುದು ಯಾವುದೆಂದು ಬಿಡಿಸಿ ಹೇಳುವ ಕಿವಿ ಇದು! ಅಗೋ, ಆ ಮೂಲೆಯದೇ ನಿನ್ನದು."

ಕುರಿ ಓಡಿಹೋಗಿ ಹಾಲು ಕೊಡಲು ನಿಂತಿತು. ಆ ಮರಿಯ ನಿಜವಾದ ತಾಯಿ ಬಂದು ಗುದ್ದಿ ಓಡಿಸಿತು. ಇತ್ತ ಅದರ ಸ್ವಂತ ಮರಿಯ ದನಿ ಹಸಿವಿನಿಂದ ಸೋಲುತ್ತಿತ್ತು.

ಬೇಲಿಯ ಪಕ್ಕದಲ್ಲಿ ಮಲಗಿದ್ದ ಮುದಿಕುರಿಯೊಂದು ಗದರಿತು: "ಹುಚ್ಚೀ, ಕಿವಿ ಹತ್ತಿರಕ್ಕೆ ಕರೆತರುತ್ತೆ, ಅಷ್ಟೇ. ಆಮೇಲೆ ಮೂಸಿ ನೋಡಬೇಕು."

ಕುರಿ ಒಂದೊಂದೇ ಮರಿಯನ್ನು ಮೂಸುತ್ತ ಮಂಜಿನಲ್ಲಿ ಕರಗಿತು. ಸ್ವಲ್ಪ ಹೊತ್ತಿಗೆ, ಹಾಲು ಕುಡಿಯುವ ಮರಿಯ ಪುಟ್ಟ ಬಾಲವೊಂದು ಅಲ್ಲಾಡುವುದು ಕಂಡಿತು.

ಗಿಳಿ ಮೆಲ್ಲಗೆ ಕೇಳಿತು: "ಅಜ್ಜೀ, ಮರಿಗಾದರೆ ವಾಸನೆ ಇದೆ. ಒಂದೇ ದನಿಯ ಮಾತಿಗೆಲ್ಲಿಯ ವಾಸನೆ?"

"ಪಕ್ಕದಲ್ಲಿ ನಿಂತ ಮಾತಿನದು ಕಣೋ. ನಿನ್ನ ಸನ್ ಪಕ್ಕ ಬಿಸಿಲು ನಿಂತಿದ್ದರೆ ಸೂರ್ಯ, ತಾಯಿ ನಿಂತಿದ್ದರೆ ಮಗ. ಮೊದಲು ಅಕ್ಕಪಕ್ಕ ನೋಡು, ಆಮೇಲೆ ಬಾಯಿ ತೆಗೆ."